ಐರಾವತಕ್ಕೂ ಐಹೊಳೆಗೂ ನಡುವೆ

ನಮ್ಮ ಸಂಪುಟದಲ್ಲಿ ಐರಾವತ ಮುಗಿದ ಮೇಲೆ,
ಐಹೊಳೆ ಶುರುವಾಗುವ ಮುಂಚೆ,
ಸಿಕ್ಕುವ ಸಂದಿಯಲ್ಲಿ ಐರ್ಲೆಂಡು.
ಅದರೊಳಗೆ ಒಂದು ಹಳೆಯ ಸರ್ಕಾರ, ಹದಿನೇಳನೆಯದು.
ನೂರೈವತ್ತು ಪದ, ಮಿಕ್ಕರೆ ಕತ್ತರಿ,
ಅಂದರು ವರದೇಗೌಡರು
ಕನ್ನಡಕವನ್ನು ಹಣೆಗೇರಿಸಿ.

ಚಾಮರಾಜಪೇಟೆಯ ಈ ಅಟ್ಟದ ಕೆಳಗೆ
ಹಗಲೆಲ್ಲ ಲಗ್ನಪತ್ರಿಕೆ ಅಚ್ಚಾಗುತ್ತದೆ.
ಮೇಜು ನಡುಗುತ್ತದೆ. ನಡುಗುವ ಮೇಜಿನ ಮೇಲೆ
ಅಡ್ಡಪಟ್ಟಿ ಹಿಡಿದು ಕೋಷ್ಟಕ ಎಳೆಯುತ್ತೇನೆ:
ಖಾತೆ, ಹೆಸರು, ಇಂದ, ವರೆಗೆ.
ವಿದೇಶಾಂಗದ ಸಾಲಲ್ಲಿ ಇಬ್ಬರು;
ಮೊದಲನೆಯವರಿಗೆ 'ಹಂಗಾಮಿ' ಎಂಬ ಬಾಲ.
ಎರಡು ಪಕ್ಷಗಳ ಬೈಟು ಸರ್ಕಾರ ಅಂತ ಬರೆದೆ,
ನಾನೇ ಹೊಡೆದುಹಾಕಿದೆ.
ಸಮ್ಮಿಶ್ರ.

ಪ್ರಧಾನಿ ಅಂದರೆ ಸಲೀಸು. ಆದರೆ ಅಲ್ಲಿ ಆ ಕುರ್ಚಿಗೆ
ಬರೆದಂತೆ ಓದಲಾಗದ ಹೆಸರು.
ರಿಚ್ಮಂಡ್ ಟೌನಿನ ಕಾನ್ವೆಂಟಿಗೆ ಹೋದೆ.
ಸಿಸ್ಟರ್ ಅಟ್ರಾಕ್ಟಾಗೆ ಎಂಬತ್ತೊಂಬತ್ತು,
ಕಿವಿ ಮಂದ, ನಾಲಿಗೆ ಚುರುಕು.
'ಟೀ' ಅನ್ನು. ಅಂದೆ. 'ಶ' ಅನ್ನು.
ಈಗ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದೆ ಅಂದುಕೋ:
ಖ್!
ಟೀಶಖ್. ಬರೆದುಕೊಂಡೆ.
ನಮ್ಮ ಬೀದಿಯ ಬಾಯಿ ಎಂದೋ ಕೈಬಿಟ್ಟ ಮಹಾಪ್ರಾಣಕ್ಕೆ
ಕೊನೆಗೂ ಒಂದು ನೌಕರಿ.

ಆ ಸರ್ಕಾರ ಹೇಗಿತ್ತು ಸಿಸ್ಟರ್?
ನಾನಾಗ ಇಲ್ಲೇ ಇದ್ದೆನಲ್ಲ, ಶಿವಾಜಿನಗರದಲ್ಲಿ,
ಆರನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡುತ್ತಾ.
ತಂಗಿಯ ಕಾಗದ ಬಂದಿತ್ತು:
ಏಳು ಮಕ್ಕಳು, ಹದಿನಾಲ್ಕು ಪಾದ,
ಇನ್ನು ಬೂಟಿಗೂ ತೆರಿಗೆಯಂತೆ.
ಅಷ್ಟೇ ಗೊತ್ತು ನನಗೆ.
ಬಿಸ್ಕತ್ತು ತಗೋ.

ನನಗೆ ಗೊತ್ತಿರುವುದೂ ಹೆಚ್ಚೇನಲ್ಲ.
ಬಟ್ಟೆಗೂ ಪಾದರಕ್ಷೆಗೂ ತೆರಿಗೆ ಅಂದಿತು ಬಜೆಟ್ಟು,
ಎಂಬತ್ತೆರಡು ಕೈ ಬೇಡವೆಂದವು, ಎಂಬತ್ತೊಂದು ಬೇಕೆಂದವು.
ಒಂದೇ ಒಂದು ಕೈ.
ಮಕ್ಕಳ ಬೂಟನ್ನಾದರೂ ಬಿಡಿ ಅಂದರೆ,
ಚಿಕ್ಕ ಪಾದದ ಹೆಂಗಸರೂ ಅದನ್ನೇ ಕೊಂಡು
ತೆರಿಗೆ ತಪ್ಪಿಸಿಯಾರು, ಎಂಬ ವಾದವಿತ್ತಂತೆ.
ಈ 'ಅಂತೆ'ಯನ್ನು ವರದೇಗೌಡರು ಬಿಡುವವರಲ್ಲ:
ಅಂತೆಕಂತೆಗಳ ಸಂತೆಯಲ್ಲಮ್ಮ, ವಿಶ್ವಕೋಶ.

ಮೇಜಿನಡಿ ನನ್ನ ಪಾದ ನೋಡಿಕೊಂಡೆ.
ಎರಡನೇ ನಂಬರು.
ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯವನು
ಮಗಳಿಗಾ ಮೇಡಂ? ಅನ್ನುತ್ತಾನೆ. ಹೂಂ ಅನ್ನುತ್ತೇನೆ.
ಇಪ್ಪತ್ತೆರಡು ವರ್ಷದಿಂದ ಬೆಳೆಯದ ಮಗಳು.
ಬಕಲ್ಲಿನ ಮೇಲೆ ಚಿಟ್ಟೆ,
ಬೆಲೆಯಲ್ಲಿ ನೂರು ರೂಪಾಯಿ ಕಮ್ಮಿ.
ಅಲ್ಲಿ ಅವರು ಹೆದರಿದ್ದು ನನಗೇ.
ಕೋಷ್ಟಕದಲ್ಲಿ ನನಗೊಂದು ಸಾಲಿಲ್ಲ,
ಇರಬೇಕಾದ್ದೂ ಇಲ್ಲ, ಬಿಡಿ.

ತೊಡಕು 'ವರೆಗೆ'ಯದು.
ಜನವರಿ ಇಪ್ಪತ್ತೇಳಕ್ಕೆ ಬಿದ್ದಿತು, ಮಾರ್ಚ್ ಒಂಬತ್ತಕ್ಕೆ ಇಳಿಯಿತು.
ನಡುವಿನ ನಲವತ್ತೊಂದು ದಿನ
ಬಿದ್ದವರೇ ಬೆಳಿಗ್ಗೆ ಬಂದು ಕುರ್ಚಿ ಎಳೆದುಕೊಂಡು
ಕಡತಕ್ಕೆ ಸಹಿ ಹಾಕಿರಬೇಕು,
ಚಹಾ ತರಿಸಿರಬೇಕು, ಕಿಟಕಿ ಮುಚ್ಚಿಸಿರಬೇಕು.
'ಇರಬೇಕು' ಕೂಡ ಕೂಡದು ಇಲ್ಲಿ.
ಮಾರ್ಚ್ ಒಂಬತ್ತು ಅಂತ ಬರೆದೆ.
ಬಿದ್ದದ್ದಕ್ಕೆ ಅಂಕಣವಿಲ್ಲ, ಇಳಿದದ್ದಕ್ಕಿದೆ.

ಎಣಿಸಿದೆ. ನೂರೈವತ್ತೊಂದು.
ವರದೇಗೌಡರ ಕೆಂಪು ಪೆನ್ನು ಮೇಲಿಂದ ಇಳಿದು ಬಂದು
'ಮಕ್ಕಳ ಬೂಟು' ಎಂಬಲ್ಲಿ ನಿಂತು
'ಮಕ್ಕಳ'ವನ್ನು ಹೊಡೆಯಿತು.
ಬೂಟು ಬೂಟೇ, ಯಾರದಾದರೇನು?
ಎಂದವರೇ ಕಾಫಿಗೆ ಮೆಟ್ಟಿಲಿಳಿದರು.

ಕೆಳಗೆ ಯಂತ್ರ ನಿಂತಿತ್ತು. ಮೇಜು ನಿಂತಿತ್ತು.
ಮಕ್ಕಳನ್ನು ವಾಪಸು ಕರೆದು ಬೂಟಿನ ಪಕ್ಕ ಕೂರಿಸಿದೆ,
ಪಕ್ಕದ ನಮೂದಿನ ಕೊನೆಯ ಸಾಲಿಂದ
ಐರಾವತದ ಒಂದು 'ಬಿಳಿಯ'ವನ್ನು ತೆಗೆದೆ.
ಆನೆ ಏನೂ ಅನ್ನಲಿಲ್ಲ.
ಅದರ ಬಣ್ಣ ಹೇಗಿದ್ದರೂ ಎಲ್ಲರಿಗೂ ಗೊತ್ತು.